ನಲವತ್ತು ವರ್ಷದ ಬಳ್ಳಿಯ ಒಂದು ಗುಟುಕು

ಓದಿದವರಿಗೆ ಒಂದು ಕಾಯಿಲೆ ಇರುತ್ತದೆ: ಯಾರೂ ಕೇಳದಿದ್ದರೂ ಸಲಹೆ ಕೊಡುವುದು. ನಮ್ಮ ಮನೆತನದಲ್ಲಿ ಮೊದಲು ಓದಿದವನು ನಾನು. ಹಿಂದಿನವರಿಗೆ ಬರಬೇಕಾಗಿದ್ದ ಕಾಯಿಲೆಯೂ ಸೇರಿ ನನಗೆ ಜೋರಾಗಿಯೇ ಬಂದಿದೆ. ಅವ್ವ ಈಗಲೂ ಹೆಬ್ಬೆಟ್ಟು ಒತ್ತುತ್ತಾಳೆ. ನಾನಾದರೋ ಒಂದು ವಿಷಯದಲ್ಲಿ ಎರಡು ಸಲ ಬಿದ್ದು, ಮೂರನೇ ಸಲ ಎದ್ದು, ತೋಟಗಾರಿಕೆಯ ಪದವಿ ಪಡೆದವನು. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಆಳಂದದ ಬಸ್ ನಿಲ್ದಾಣದ ಹಿಂದಿರುವ ನನ್ನ ಸಲಹಾ ಕೋಣೆಯಲ್ಲಿ, ಬಂದವರ ಕಣ್ಣಿಗೆ ನನಗಿಂತ ಮೊದಲು ಬೀಳುವಂತೆ ತೂಗುಹಾಕಿದ್ದೇನೆ.

ಹೋದ ತಿಂಗಳು ಖಜೂರಿ ಕಡೆಯ ಶರಣಪ್ಪ ಗೌಡರು ತಮ್ಮ ಕರಿದ್ರಾಕ್ಷಿ ತೋಟ ತೋರಿಸಿದರು. ನಲವತ್ತು ವರ್ಷದ ಬಳ್ಳಿಗಳು. ಬುಡ ಎಮ್ಮೆಯ ಕಾಲಿನಷ್ಟು ದಪ್ಪ, ಗೊಂಚಲು ಮಾತ್ರ ಹುಡುಕಿದರೆ ಸಿಗುವಷ್ಟು. ನಾನು ಪುಸ್ತಕದಲ್ಲಿದ್ದಂತೆ ಬರೆದುಕೊಟ್ಟೆ: "ಇಳುವರಿ ಕುಸಿದಿದೆ. ಕಿತ್ತು ಹೊಸದು ನೆಡುವುದು." ಗೌಡರು ಸೋಮವಾರಕ್ಕೆ ಜೆಸಿಬಿ ಹೇಳಿಟ್ಟರು. ಭಾನುವಾರ ಬೆಳಿಗ್ಗೆ ಅವರದೇ ಫೋನು.

"ಸರ್, ಒಮ್ಮಿ ಬಂದು ಹೋಗ್ರಿ. ನಮ್ಮ ಹಣ್ಣು ಒಯ್ಯೋ ಗಡಿ ಆಚೆ ಮಂದಿ ಅದರದ ಒಂದು ಬಾಟ್ಲಿ ವೈನ್ ಮಾಡಿ ಕಳಸ್ಯಾರ. ಮುದಿ ಬಳ್ಳೀ ರುಚಿ ಹೊಸಾದಕ್ಕ ಬರಂಗಿಲ್ಲ, ಕೀಳಬ್ಯಾಡ್ರಿ ಅಂತಾರ. ನೀವು ಕುಡದು ಹೇಳ್ರಿ, ಹಂಗ ಮಾಡ್ತೇನಿ."

ಹೊರಡುವಾಗ ಅವ್ವನೂ ಚಪ್ಪಲಿ ಮೆಟ್ಟಿದಳು. "ತ್ವಾಟ ಕಿತ್ತ ಒಗೀತಾರಂತಲ್ಲ, ಒಮ್ಮಿ ನೋಡಿ ಬರ್ತೇನಿ."

ಗೌಡರು ಸ್ಟೀಲ್ ಲೋಟದ ತಳಕ್ಕೆ ಎರಡು ಗುಟುಕಿನಷ್ಟು ಸುರಿದರು. ರುಚಿ ನೋಡಲು ಅಷ್ಟೇ ಸಾಕೆಂದು ಕಳಿಸಿದವರು ಹೇಳಿದ್ದರಂತೆ. ನಾನು ಜನ್ಮದಲ್ಲಿ ವೈನ್ ಕುಡಿದವನಲ್ಲ. ಅಷ್ಟು ಕಡಿಮೆ, ಅಷ್ಟು ಜೋಪಾನವಾಗಿ ಕೊಡುವುದನ್ನು ಗಾಣಗಾಪುರದ ಗುಡಿಯಲ್ಲಿ ಮಾತ್ರ ನೋಡಿದ್ದೆ. ಬಲಗೈ ತಾನಾಗಿ ಮುಂದೆ ಹೋಯಿತು, ಎಡಗೈ ಅದರ ಕೆಳಗೆ ಬಂತು. ಗೌಡರೂ ಪಾಪ, ಓದಿದವರು ಹೀಗೆಯೇ ಕುಡಿಯುತ್ತಾರೆಂದು ಲೋಟವನ್ನು ಅಂಗೈಗೆ ಬಗ್ಗಿಸಿದರು.

ಮೊದಲು ನೇರಳೆಯ ಒಗರು ನಾಲಗೆ ಹಿಡಿಯಿತು. ಆಮೇಲೆ ಹುರಿದ ತೊಗರಿಯಂಥ ಒಂದು ಘಮ. ನುಂಗಿದೆ, ಮುಗಿಯಲಿಲ್ಲ. ಅದು ಎದೆಯಲ್ಲಿ ಇಳಿಯುತ್ತಲೇ ಇತ್ತು, ಆ ಬೇರುಗಳು ನಲವತ್ತು ವರ್ಷ ಕರಿ ಮಣ್ಣಿನಲ್ಲಿ ಇಳಿದ ಹಾಗೆ. ನಾನು ಬಾಯಿಪಾಠ ಮಾಡಿದ ಯಾವ ಕೋಷ್ಟಕದಲ್ಲೂ ಇದಕ್ಕೆ ಜಾಗವಿರಲಿಲ್ಲ.  ಒದ್ದೆ ಅಂಗೈಯನ್ನು ಭಕ್ತಿಯಿಂದ ತಲೆಗೆ ಸವರಿಕೊಂಡೆ.

"ಸರ್, ತಲಿಗಿ ಯಾಕ್ರಿ?" ಎಂದರು ಗೌಡರು.

ಅವ್ವ ಅಷ್ಟರಲ್ಲಿ ಒಂದು ಬುಡದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ತೊಗಟೆ ಸವರುತ್ತಿದ್ದಳು. "ಈ ಬಳ್ಳಿ ಸಾಲು ನಾನ ಹಚ್ಚೀನ್ಲೇ. ಆಗ ನೀ ಹೊಟ್ಟ್ಯಾಗಿದ್ದಿ. ಕೊಡಾ ಹೊತ್ತು ನೀರ ಹಾಕೇನಿ."

"ಹೌದ್ರಿ, ಕೂಲಿಗೆ ಬರ್ತಿದ್ರು," ಎಂದರು ಗೌಡರು ಮೆಲ್ಲಗೆ.

ಅವ್ವ ಕೂಲಿಗೆ ಹೋಗಿ ನನ್ನನ್ನು ಓದಿಸಿದ್ದು ಗೊತ್ತಿತ್ತು. ಯಾವ ತೋಟಕ್ಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

"ಮುದಿ ಆಗ್ಯಾವಬೇ, ಫಲ ಕಮ್ಮಿ," ಎಂದೆ, ಸೋಲಬಾರದೆಂದು.

"ನಿನಗೂ ನಲವತ್ತಾತು. ಫಲ ನೋಡಿ ನಾ ಜೆಸಿಬಿ ಕರಸೇನೇನು?"

ಗೌಡರು ನಗು ತಡೆಯಲು ಬಾಟಲಿಯ ಮೇಲಿನ ಚೀಟಿ ಓದತೊಡಗಿದರು. ನಾನು ಹಳೆಯ ಸಲಹೆಯನ್ನು ಹರಿದು ಹೊಸ ಕಾಗದದಲ್ಲಿ ಬರೆದೆ: "ಕೀಳಬಾರದು." ಕೆಳಗೆ "ಕಾರಣ" ಎಂದು ಬರೆದು, ಏನು ಹೇಳಲೆಂದು ತಿಳಿಯದೆ ತಲೆ ಕೆರೆದುಕೊಂಡೆ. ವೈನ್ ಹತ್ತಿದ ಅದೇ ಕೈಯಲ್ಲಿ ಕಾಗದ ಒತ್ತಿ ಹಿಡಿದಾಗ, ಸಹಿ ಮಾಡಬೇಕಾದ ಜಾಗದಲ್ಲಿ ಕೆಂಪಗೆ, ಗೆರೆಗೆರೆಯಾಗಿ ನನ್ನ ಹೆಬ್ಬೆಟ್ಟು ಮೂಡಿತು.

"ಇಷ್ಟ ಸಾಕ್ರಿ ಸರ್," ಎಂದು ಗೌಡರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಜೆಸಿಬಿಯವನಿಗೆ ಫೋನು ಹಚ್ಚಿದರು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತುವುದು ಅವ್ವನಿಗೇ ಕೊನೆ ಎಂದು ನಾನು ನಂಬಿದ್ದೆ.