ಅಡ್ಡ ಬರಬೇಡಿ, ಶೂಟಿಂಗ್ ನಡೆಯುತ್ತಿದೆ!

ನಾನು ಪ್ರಸಿದ್ಧಳಾಗುವುದು ಖಚಿತವಾಗಿತ್ತು. ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ.

ಆಗ ನಾನು ಕಿರಿಮಂಜೇಶ್ವರದ ಮನೆಯಿಂದ ಕುಂದಾಪುರದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಿ.ಕಾಂ. ಮೊದಲ ವರ್ಷ. ಹೋಗುವಾಗ ಬಲಗಡೆಯ ಕಿಟಕಿ, ಬರುವಾಗ ಎಡಗಡೆಯದು. ಆ ಕಿಟಕಿಗಾಗಿ ಎಂಥ ಅಜ್ಜಿಯನ್ನಾದರೂ ಮೊಣಕೈಯಲ್ಲಿ ಹಿಂದಿಕ್ಕುವಷ್ಟು ಕಠಿಣಳಾಗಿದ್ದೆ. ಕಾರಣ ಮರವಂತೆ. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ತಲೆಯನ್ನು ಕಿಟಕಿಯ ಸರಳಿಗೆ ಒರಗಿಸಿ ಕಡಲನ್ನು ನೋಡಿದರೆ ಸಾಕು, ಬಸ್ಸು ಮರವಂತೆ ದಾಟುವವರೆಗೆ ನಾನೇ ಕಥಾನಾಯಕಿ! ಕಾಲಿನ ಬಳಿ ಯಾರದೋ ಮೀನಿನ ಬುಟ್ಟಿ ಇದ್ದರೂ ನಾಯಕಿಯ ಮುಖದ ಗಾಂಭೀರ್ಯ ಕದಲುತ್ತಿರಲಿಲ್ಲ.

ಉಳಿದ ಹುಡುಗಿಯರು ಬಸ್ಸಿನಲ್ಲಿ ಹರಟೆ ಹೊಡೆಯುವ ಹೊತ್ತಿಗೆ ನಾನು ಸಂದರ್ಶನ ಕೊಡುತ್ತಿದ್ದೆ. ಸಂದರ್ಶಕ ನನ್ನ ತಲೆಯೊಳಗೇ ವಾಸವಾಗಿದ್ದ. ಬಹಳ ಸಭ್ಯ ಮನುಷ್ಯ.

"ಇಷ್ಟು ದೊಡ್ಡ ಹೆಸರು ಬಂದ ಮೇಲೂ ನೀವು ಇಷ್ಟು ಸರಳವಾಗಿರುವುದು ಹೇಗೆ?" ಎಂದು ಅವನು ಕೇಳುತ್ತಿದ್ದ.

"ಮೊದಲು ನಾನು ತುಂಬಾ ಒಂಟಿಯಾಗಿದ್ದೆ," ಎಂದು ನಾನು ಕಡಲಿನತ್ತ ನೋಡುತ್ತಾ ಹೇಳುತ್ತಿದ್ದೆ. ಅವನು ಕಣ್ಣು ಒರೆಸಿಕೊಳ್ಳುತ್ತಿದ್ದ.

ಇದರಲ್ಲಿ 'ಮೊದಲು' ಎಂಬ ಒಂದು ಶಬ್ದ ಬಿಟ್ಟರೆ ಉಳಿದದ್ದೆಲ್ಲ ಸತ್ಯ. ಪಿಯುಸಿಯ ಗೆಳತಿಯರು ಮಂಗಳೂರು, ಉಡುಪಿ ಎಂದು ಚದುರಿಹೋಗಿದ್ದರು. ಕಾಲೇಜಿನಲ್ಲಿ ಪಕ್ಕ ಕೂರುವ ಹುಡುಗಿ ನನ್ನನ್ನು "ಹ್ವಾಯ್" ಎಂದೇ ಕರೆಯುತ್ತಿದ್ದಳು. ಹೆಸರು ಕೇಳಲು ಅವಳಿಗೆ ಪುರುಸೊತ್ತಾಗಿರಲಿಲ್ಲ. ಅಪ್ಪಯ್ಯ ಪುಣೆಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ. ಅಕ್ಕ ಮದುವೆಯಾಗಿ ಶಿವಮೊಗ್ಗದಲ್ಲಿ. ಮನೆಯಲ್ಲಿ ನಾನು, ಅಮ್ಮ, ಟಿವಿ. ಧಾರಾವಾಹಿಯ ಸೊಸೆಯ ಕಷ್ಟಗಳೆಲ್ಲ ಅಮ್ಮನಿಗೆ ಬಾಯಿಪಾಠ. ನನ್ನ ಕಷ್ಟ ಹೇಳಿಕೊಳ್ಳಲು ಜಾಹೀರಾತು ಬರುವವರೆಗೆ ಕಾಯಬೇಕಿತ್ತು.

ರೀಲ್ಸ್ ಹಾಕಲು ನನ್ನದೊಂದು ಖಾತೆಯಿತ್ತು. ಅಭಿಮಾನಿ ಬಳಗದಲ್ಲಿ ಅಕ್ಕ, ಭಾವ, ಬೇರೆ ಹೆಸರಿನಲ್ಲಿ ನಾನೇ ತೆರೆದ ಇನ್ನೊಂದು ಖಾತೆ, ಮತ್ತು ಯಾವ ಊರಿನದೋ ಒಂದು ಹಾಸಿಗೆ ಅಂಗಡಿ. ಇವರಲ್ಲಿ ತಪ್ಪದೆ ಮೆಚ್ಚುಗೆ ಒತ್ತುತ್ತಿದ್ದದ್ದು ಹಾಸಿಗೆ ಅಂಗಡಿ ಮಾತ್ರ. ಎಂಥ ಹೃದಯವಂತ ಅಂಗಡಿ!

ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ಆ ದಿನ ನನಗೆ ಜ್ಞಾನೋದಯವಾಯಿತು. ಕಿಟಕಿಯಿಂದ ಕಡಲು ನೋಡಿ ಯಾರೂ ಪ್ರಸಿದ್ಧರಾದದ್ದಿಲ್ಲ, ಇಳಿಯಬೇಕು! ಮರವಂತೆಯಲ್ಲಿ ಗಂಟೆ ಬಾರಿಸಲು ಹೇಳಿದಾಗ ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂತ, ಇವತ್ತ್ ಇಲ್ಲೇ ಇಳುದಾ? ಮನಿ ಬದಲ್ಸಿದ್ರ್ಯಾ?"

"ಸ್ವಲ್ಪ ಕೆಲ್ಸ ಇತ್ತ್," ಎಂದೆ, ತಾರೆಯರು ವಿಮಾನ ನಿಲ್ದಾಣದಲ್ಲಿ ಹೇಳುವ ಹಾಗೆ.

ರಸ್ತೆ ಬದಿಯಲ್ಲಿ ಗಿರಿಜಕ್ಕನ ಸೀಯಾಳದ ಅಂಗಡಿ. ಅವರ ಹೆಸರು ನನಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಕತ್ತಿ ಹಿಡಿದ ಒಬ್ಬ ದಪ್ಪ ಹೆಂಗಸು ಮತ್ತು ಅವರ ಕುತೂಹಲ ಮಾತ್ರ. ನಾನು ಚೀಲದಿಂದ ಮೂರು ಕಾಲಿನ ಮೊಬೈಲ್ ಸ್ಟ್ಯಾಂಡ್ ತೆಗೆದದ್ದೇ ಅವರ ಕತ್ತಿ ಸೀಯಾಳದ ಮೇಲೆಯೇ ನಿಂತಿತು.

"ಶೂಟಿಂಗಾ, ಹೆಣ್ಣೇ?"

ಇಲ್ಲಿ ನಾನು "ಇಲ್ಲ, ಸುಮ್ಮನೆ" ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ಒಬ್ಬರು ನನ್ನ ವಿಷಯದಲ್ಲಿ ಆಸಕ್ತಿ ತೋರಿಸಿದ್ದರು.

"ಹೌದ್, ಶೂಟಿಂಗ್!" ಎಂದೆ. ಅಷ್ಟಕ್ಕೇ ಬಿಟ್ಟೆನೇ? "ಯಾರೂ ಅಡ್ಡ ಬರ್ದ ಹಾಂಗ್ ಕಂಡ್ಕಣಿ ಅಕ್ಕ. ಫ್ರೇಮ್ ಹಾಳಾತ್."

ಗಿರಿಜಕ್ಕ ಗಂಭೀರರಾದರು. ಹಿಂದೊಮ್ಮೆ ಅಲ್ಲಿ ಸಿನಿಮಾದವರು ಬಂದಾಗ ಅವರು ಸೀಯಾಳದ ಗೊನೆ ಹೊತ್ತುಕೊಂಡು ಕ್ಯಾಮೆರಾ ಮುಂದೆಯೇ ದಾಟಿ, ಊರಿಗೆಲ್ಲ ಕೇಳುವಂತೆ ಮೈಕಿನಲ್ಲಿ ಬೈಸಿಕೊಂಡಿದ್ದರಂತೆ. "ಅವತ್ತಿಂದ ನಾನ್ ಒಂದ್ ನಾಯಿನೂ ಅಡ್ಡ ಹೋಪುಕೆ ಬಿಡುದಿಲ್ಲೆ. ನೀ ಹೆದ್ರ್‌ಬೇಡ, ಹೋಗ್!" ಎಂದು ಅಭಯ ಕೊಟ್ಟರು.

ಹೀಗೆ ನನ್ನನ್ನು ಕಾಪಾಡಬಹುದಾಗಿದ್ದ ದಾರಿಗಳನ್ನೆಲ್ಲ ನಾನೇ ಮುಂಚಿತವಾಗಿ ಮುಚ್ಚಿಸಿ, ಕಾವಲು ಹಾಕಿಸಿ, ಕಡಲಿಗೆ ಇಳಿದೆ.

ಕಡಲು ರಸ್ತೆಯನ್ನು ಕೊರೆಯದಿರಲೆಂದು ಅಲ್ಲಿ ಉದ್ದಕ್ಕೂ ದೊಡ್ಡ ದೊಡ್ಡ ಬಂಡೆಗಳನ್ನು ಸುರಿದಿದ್ದಾರೆ. ಮೇಲಿನ ಬಂಡೆಯೊಂದರ ಮೇಲೆ ಮೊಬೈಲ್ ನಿಲ್ಲಿಸಿ, ರೆಕಾರ್ಡಿಂಗ್ ಒತ್ತಿ, ಎರಡು ಬಂಡೆ ಕೆಳಗಿಳಿದು ನಿಂತೆ. ದುಪಟ್ಟಾ ಗಾಳಿಗೆ ಹಾರಬೇಕಿತ್ತು. ಹಾರಿ ಬಾಯಿಗೆ ಬಂತು. ಎರಡನೆಯ ಸಲ ಲಾರಿಯ ಹಾರ್ನ್. ಮೂರನೆಯ ಸಲ ಎಲ್ಲ ಸರಿಯಿತ್ತು, ಹಿಂದೆ ಕಡಲು ಸಾಲದು ಅನ್ನಿಸಿತು. ಇನ್ನೊಂದು ಬಂಡೆ ಕೆಳಗಿಳಿದೆ. ಮತ್ತೂ ಒಂದು. ಕಲೆಗಾಗಿ ತ್ಯಾಗ ಮಾಡಬೇಕಲ್ಲ!

ಪಾಚಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಬಲಗಾಲು ಜಾರಿ ಎರಡು ಬಂಡೆಗಳ ನಡುವೆ ಇಳಿಯಿತು. ಮೊಣಕಾಲಿನವರೆಗೆ ಇಳಿದು, ಶೂ ಎಲ್ಲೋ ಸಿಕ್ಕಿಕೊಂಡು, ನಿಂತಿತು. ಎಳೆದೆ. ಬರಲಿಲ್ಲ. ತಿರುಗಿಸಿದೆ. ನೋವಿಗೆ ಕಣ್ಣು ಕತ್ತಲೆ ಬಂತು. ಅಷ್ಟರಲ್ಲಿ ಮೊದಲ ಅಲೆ ಬಂದು ಸೊಂಟದವರೆಗೆ ತೋಯಿಸಿತು. ಉಬ್ಬರ ಏರುವ ಹೊತ್ತು ಅದು. ಕಡಲಿನ ಪಕ್ಕದಲ್ಲಿ ಹುಟ್ಟಿ ಬೆಳೆದವಳು ಕಡಲಿನ ಬಣ್ಣ ನೋಡಿದ್ದೆ, ಹೊತ್ತು ನೋಡಿರಲಿಲ್ಲ.

"ಅಕ್ಕಾ! ಕಾಲ್ ಸಿಕ್ಕಿತ್! ಬನ್ನಿ!" ಎಂದು ಎರಡೂ ಕೈ ಎತ್ತಿ ಕೂಗಿದೆ.

ಅಲೆಯ ಸದ್ದಿನಲ್ಲಿ ಮಾತು ಮೇಲಕ್ಕೆ ಹೋಗಲಿಲ್ಲ. ಅಭಿನಯ ಮಾತ್ರ ಹೋಯಿತು. ಗಿರಿಜಕ್ಕ ಮೇಲಿಂದ ಹೆಬ್ಬೆರಳು ಎತ್ತಿ ತೋರಿಸಿದರು: ಚಲೋ ಬರುತ್ತಿದೆ, ಮುಂದುವರಿಸು!

ರಸ್ತೆಯಲ್ಲಿ ಒಂದು ಕಾರು ನಿಂತಿತು. ಅದರಿಂದ ಇಳಿದವನೊಬ್ಬ ನನ್ನತ್ತ ಓಡಿಬರತೊಡಗಿದಾಗ ನನಗೆ ಹೋದ ಜೀವ ಬಂತು. ಗಿರಿಜಕ್ಕ ಎರಡೂ ತೋಳು ಚಾಚಿ ಅವನನ್ನು ತಡೆದರು. ಕತ್ತಿ ಇನ್ನೂ ಕೈಯಲ್ಲೇ ಇತ್ತು. ಅವನು ತಕ್ಷಣ ಒಪ್ಪಿಕೊಂಡು, ಇದ್ದಲ್ಲಿಂದಲೇ ಮೊಬೈಲ್ ತೆಗೆದು ಚಿತ್ರೀಕರಿಸತೊಡಗಿದ. ಅವನ ಹಿಂದೆ ಇನ್ನಷ್ಟು ಜನ. ಬೈಕಿನವರು, ಚಿಪ್ಸ್ ಪೊಟ್ಟಣ ಹಿಡಿದ ಒಂದು ಕುಟುಂಬ. ಎಲ್ಲರೂ ಗಿರಿಜಕ್ಕನ ತೋಳಿನ ಗೆರೆ ದಾಟದೆ ಶಿಸ್ತಾಗಿ ನಿಂತರು. ನನ್ನ ಜೀವಮಾನದಲ್ಲಿ ನನಗೆ ಅಷ್ಟು ಪ್ರೇಕ್ಷಕರು ಸಿಕ್ಕಿರಲಿಲ್ಲ!

ಎರಡನೆಯ ದೊಡ್ಡ ಅಲೆ ತಲೆಯ ಮೇಲಿಂದ ಹೋಯಿತು. ಕೆಮ್ಮುತ್ತಾ ಎದ್ದು, "ಇದ್ ನಿಜ! ನಿಜ!" ಎಂದು ಎದೆ ಬಡಿದುಕೊಂಡೆ. ಚಪ್ಪಾಳೆ ಬಿತ್ತು.

ನಗು ಬರುತ್ತದೆ, ಬರಲಿ. ನನಗೂ ಹಗಲಿನಲ್ಲಿ ಬರುತ್ತದೆ. ಆದರೆ ಒಂದು ಅಲೆ ಹಿಂದೆ ಸರಿದು ಇನ್ನೊಂದು ಬರುವುದರೊಳಗೆ ಒಂದು ಹೊತ್ತಿದೆಯಲ್ಲ, ನೀರು ಬಂಡೆಗಳ ಸಂದಿನಿಂದ ಗಳಗಳನೆ ಇಳಿದುಹೋಗುವ ಹೊತ್ತು, ಅದು ನನ್ನನ್ನು ಇನ್ನೂ ಬಿಟ್ಟಿಲ್ಲ. ಬಚ್ಚಲಿನಲ್ಲಿ ನೀರು ಇಳಿಯುವ ಸದ್ದಾದರೂ ಬಲಗಾಲು ತಾನಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ನಾನು ಸಂದರ್ಶಕನನ್ನು ಹುಡುಕಿದೆ. ಅವನು ಇರಲಿಲ್ಲ. ದಿನವೂ ಜೊತೆಗಿದ್ದವನು, ನೀರು ಎದೆಗೆ ಬರುತ್ತಲೇ ಮೈಕ್ ಸುತ್ತಿಕೊಂಡು ಹೊರಟುಹೋಗಿದ್ದ! ಮೇಲೆ ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಒಬ್ಬರಿಗೂ ನಾನು ಕಾಣುತ್ತಿರಲಿಲ್ಲ. ಕೈ ಬೀಸುವುದನ್ನು ನಿಲ್ಲಿಸಿ ಬಂಡೆಯನ್ನು ತಬ್ಬಿಕೊಂಡೆ.

ಆಮೇಲೆ ಮೇಲೆ ಏನಾಯಿತೆಂಬುದಕ್ಕೆ ನನ್ನ ಮೊಬೈಲೇ ಸಾಕ್ಷಿ. ಅದು ಗಾಳಿಗೆ ಮಗುಚಿ, ಬಂಡೆಯ ಮೇಲೆ ಆಕಾಶ ನೋಡುತ್ತಾ ಮಲಗಿತ್ತು. ಇಡೀ ದುರಂತವನ್ನು ಅದು ಚಿತ್ರೀಕರಿಸಿದೆ: ಮೋಡ, ಮೋಡ, ಒಂದು ಕಾಗೆ, ಮತ್ತೆ ಮೋಡ. ಆದರೆ ಧ್ವನಿ ಸ್ಪಷ್ಟವಾಗಿದೆ.

"ಹ್ವಾಯ್, ನಿಲ್ಲಿ ಮಾರ್ರೆ, ಅಡ್ಡ ಹೋಪುಕಾಗ! ಆ ಹೆಣ್ಣೇ ಹೇಳಿ ಹೋಯ್ತ್." ಇದು ಗಿರಿಜಕ್ಕ. ಯಾರೋ ಒಬ್ಬರು, "ಹೀರೋ ಯಾವಾಗ ಬತ್ತಾ?" ಎನ್ನುತ್ತಾರೆ. ಸ್ವಲ್ಪ ಹೊತ್ತು ಅಲೆಯ ಸದ್ದು. ಮತ್ತೆ ಗಿರಿಜಕ್ಕನ ಧ್ವನಿ, ಈಗ ಸಣ್ಣದಾಗಿ: "ಅಲ್ಲ ಮಾರ್ರೆ, ಶೂಟಿಂಗ್ ಅಂದ್ರೆ ಕೊಡೆ ಹಿಡುಕೆ ಒಬ್ರ್, ಟವೆಲ್ ಕೊಡುಕೆ ಒಬ್ರ್ ಇರ್ತ್ರಲೆ? ಈ ಹೆಣ್ಣಿನ್ ಒಟ್ಟಿಗೆ ಯಾರೂ ಇಲ್ಲೆ ಅಲ್ದಾ! ಒಂದೇ ಬಂದದ್ದ್ ಅದ್!" ಆಮೇಲೆ ಕಿವಿ ಒಡೆಯುವಂಥ ಒಂದು ಕೂಗು: "ಹ್ವಾಯ್! ಬಲೆ ಬಿಟ್ಟ್ ಓಡ್ಕಂಡ್ ಬನ್ನಿ! ಹೆಣ್ಣ್ ಸಾಯ್ತ್!"

ದೋಣಿಯ ಬಳಿ ಬಲೆ ಸರಿಪಡಿಸುತ್ತಿದ್ದ ಇಬ್ಬರು ಹಗ್ಗ ಹಿಡಿದು ಬಂದರು. ಒಬ್ಬ ನನ್ನ ತೋಳು ಹಿಡಿದ, ಇನ್ನೊಬ್ಬ ನೀರಿನೊಳಗೆ ಕೈ ಹಾಕಿ ಶೂ ಲೇಸು ಕತ್ತರಿಸಿದ. ಶೂ ಕಡಲಿಗೆ ಹೋಯಿತು, ನಾನು ರಸ್ತೆಗೆ ಬಂದೆ. ಲೇಸು ಕತ್ತರಿಸಿದವನು ಏದುಸಿರು ಬಿಡುತ್ತಾ, ಸುತ್ತ ನೋಡಿ, "ಕ್ಯಾಮೆರಾ ಎಲ್ಲಿತ್ತ್? ನಮ್ಮದೂ ಬಂತಾ?" ಎಂದು ಕೇಳಿದ.

ಗಿರಿಜಕ್ಕ ತಮ್ಮ ಟವೆಲಿನಿಂದ ನನ್ನ ತಲೆ ಒರೆಸಿದರು. "ನಾನೇ ತಡ್ದ್ ನಿಲ್ಸಿದ್ನಲ್ಲೇ ಹೆಣ್ಣೇ... ಒಂದೇ ಬಂದದ್ದ್ ಅಂದೇಳಿ ಮೊದ್ಲೇ ಹೇಳುಕಾಗ್ದಾ?"

ಅಷ್ಟೊಂದು ಸಂದರ್ಶನ ಕೊಟ್ಟಿದ್ದೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮನೆಯಲ್ಲಿ "ಎಡವಿದೆ" ಎಂದೆ. ಅಮ್ಮ ಟಿವಿ ನೋಡುತ್ತಲೇ ಬಿಸಿನೀರು ಕಾಯಿಸಿಕೊಟ್ಟಳು. ಆದರೆ ಕಾರಿನವನ ವಿಡಿಯೋ ಸುಮ್ಮನಿರಬೇಕಲ್ಲ! ಅದು ಊರೂರು ಸುತ್ತಿ ಮರುದಿನ ಅಮ್ಮನ ಮೊಬೈಲಿಗೂ ಬಂತು.

"ಕಾಣ್, ನಮ್ಮ ಮರವಂತೆಯಲ್ಲ್ ಶೂಟಿಂಗ್ ಅಂಬ್ರ್. ಈ ಹೆಣ್ಣಿಂದ್ ಎಂಥಾ ಓವರ್ ಆಕ್ಟಿಂಗ್ ಮಾರಾಯ್ತಿ!" ಎಂದು ನಕ್ಕಳು. ನನ್ನ ಮುಖದ ಮೇಲೆಲ್ಲ ಒದ್ದೆ ಕೂದಲು. ಹೆತ್ತವಳಿಗೂ ಗುರುತು ಸಿಗಲಿಲ್ಲ. ಮತ್ತೊಮ್ಮೆ ಹಾಕಿ ನೋಡಿದಳು. ನಗು ನಿಂತಿತು. ಎದ್ದು ಹೋಗಿ ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಹಳದಿ ಚೂಡಿದಾರವನ್ನು ನೋಡಿದಳು. ಒಳಗೆ ಬಂದು ಟಿವಿ ಆರಿಸಿದಳು.

ಆಮೇಲೆ ಬೈದಳು. ಅಳುತ್ತಾ ಬೈದಳು, ಅನ್ನ ಬಡಿಸುತ್ತಾ ಬೈದಳು, ಪುಣೆಗೆ ಫೋನ್ ಹಚ್ಚಿ ಅಪ್ಪಯ್ಯನಿಂದಲೂ ಬೈಸಿದಳು. ಅಕ್ಕನ ಮದುವೆಯ ನಂತರ ನಮ್ಮ ಮನೆಯಲ್ಲಿ ಅಷ್ಟು ಮಾತು ಕೇಳಿರಲಿಲ್ಲ. ಧಾರಾವಾಹಿಯ ಸೊಸೆ ಆ ವಾರ ಏನಾದಳೋ ಅಮ್ಮನಿಗೆ ಇಂದಿಗೂ ಗೊತ್ತಿಲ್ಲ.

ಇನ್ನು ನನ್ನ ಪ್ರಸಿದ್ಧಿಯ ವಿಷಯ. ವಿಡಿಯೋದ ಕೆಳಗೆ ಬಂದ ಅಭಿಪ್ರಾಯಗಳನ್ನೆಲ್ಲ ಓದಿದೆ. 'ಮುಳುಗುವವರು ಹೀಗೆ ಕೈ ಬೀಸುವುದಿಲ್ಲ.' 'ಹುಡುಗಿಗೆ ನಟನೆ ಬರುವುದಿಲ್ಲ.' ನಿಜವಾಗಿ ಸಾಯಲು ಹೊರಟಾಗಲೂ ಸಹಜವಾಗಿ ಸಾಯಲು ನನಗೆ ಬರಲಿಲ್ಲ! ಆದರೆ ಎಲ್ಲರೂ ಒಮ್ಮತದಿಂದ ಇನ್ನೊಂದು ಮಾತು ಬರೆದಿದ್ದರು: 'ಕತ್ತಿ ಹಿಡಿದ ಆ ಅಕ್ಕ ಯಾರು? ಏನು ಸಹಜ ಅಭಿನಯ!'

ಈಗ ಮರವಂತೆಯಲ್ಲಿ ಕಾರು ನಿಲ್ಲಿಸಿ ಜನ ಗಿರಿಜಕ್ಕನ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅವರಿಗೀಗ ಒಂದು ಖಾತೆಯಿದೆ. ತೆರೆದುಕೊಟ್ಟವಳು ನಾನೇ. ಬಸ್ಸಿನಲ್ಲಿ ನಾನೀಗ ಹೊಳೆಯ ಕಡೆ ಕೂರುತ್ತೇನೆ. ಶನಿವಾರ ಮಾತ್ರ ಕಂಡಕ್ಟರ್ ಕೇಳದೆಯೇ ಗಂಟೆ ಬಾರಿಸುತ್ತಾನೆ. ಇಳಿದು, ಕಡಲಿಗೆ ಬೆನ್ನು ಹಾಕಿ, ಅಂಗಡಿಯ ಮುಂದೆ ನಿಲ್ಲುತ್ತೇನೆ. ಗಿರಿಜಕ್ಕ ಸೀಯಾಳ ಕೆತ್ತುತ್ತಾ ಮಾತಾಡುತ್ತಾರೆ. ನಾನು ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಅವರ ಮುಖಕ್ಕೆ ಬಿಸಿಲು ಬೀಳದಂತೆ ಕೊಡೆ ಹಿಡಿಯುತ್ತೇನೆ. ಹೆಗಲ ಮೇಲೆ ಟವೆಲು. ಹಾಸಿಗೆ ಅಂಗಡಿಯೂ ನನ್ನನ್ನು ಬಿಟ್ಟು ಅವರ ಅಭಿಮಾನಿಯಾಗಿದೆ.

ಮೊನ್ನೆ ಮಾತಿನ ನಡುವೆ ಗಾಳಿಗೆ ಕೊಡೆ ವಾಲಿತು. ಸರಿಪಡಿಸಲೆಂದು ಒಂದು ಹೆಜ್ಜೆ ಮುಂದೆ ಇಟ್ಟೆ.

"ಹ್ವಾಯ್ ಹೆಣ್ಣೇ," ಎಂದರು ಗಿರಿಜಕ್ಕ, ಕತ್ತಿ ಎತ್ತಿ, "ಹಿಂದ್ ಹೋಗ್. ಫ್ರೇಮ್ ಹಾಳಾತ್!"