ಧೋತ್ರ ಒಣಗಿಸಲಾರದ ಸಿಂಗಾಪುರದ ಬಿಸಿಲು

ಸಿಂಗಾಪುರದ ಸೂರ್ಯನ ಮೇಲೆ ನನ್ನದೊಂದು ತಕರಾರಿದೆ. ಉರಿಯುತ್ತಾನೆ, ಕಣ್ಣಿಗೆ ಹೊಡೆಯುತ್ತಾನೆ, ನೆತ್ತಿ ಕಾಯಿಸುತ್ತಾನೆ. ಆದರೆ ಒಂದು ಧೋತ್ರ ಒಣಗಿಸುವ ಯೋಗ್ಯತೆ ಅವನಿಗಿಲ್ಲ. ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಅಂದುಕೊಂಡಿರೇನು? ಹೌದು, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ.

ನಾನು ರಾಯಚೂರಿನವನು. ನಮ್ಮಲ್ಲಿ ಬ್ಯಾಸಿಗೆಯೊಳಗೆ ಹಗ್ಗದ ಈ ತುದಿಯಿಂದ ಧೋತ್ರ ಹರವುತ್ತಾ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಹಪ್ಪಳವಾಗಿರುತ್ತದೆ. ಇಂಥ ಊರಲ್ಲಿ ಬೆಳೆದವನು ಪ್ರವಾಸಕ್ಕೆ ರಾಶಿ ಬಟ್ಟೆ ಯಾಕೆ ಹೊರಬೇಕು? ಮೈಮೇಲೊಂದು ಪ್ಯಾಂಟು, ಚೀಲದಲ್ಲೊಂದು ಪ್ಯಾಂಟು, ಎರಡು ಅಂಗಿ, ಒಂದು ಧೋತ್ರ, ಒಂದು ಶಲ್ಯ. ಇಷ್ಟೇ ನನ್ನ ಬಂದೋಬಸ್ತು.

"ಇಷ್ಟ ಬಟ್ಟಿ ಸಾಕೇನ್ರಿ?" ಅಂದಳು ನನ್ನ ಹೆಂಡತಿ ವತ್ಸಲಾ.

"ಸಂಜಿಮುಂದ ಒಗದು ಹಾಕಿದ್ರ ಮುಂಜಾನಿ ಒಣಗಿರ್ತಾವ. ಉಳಿದ ಜಾಗದಾಗ ಹಚ್ಚಿದ ಅವಲಕ್ಕಿ, ಗುರೆಳ್ಳು ಚಟ್ನಿ ಇಡು."

"ಗುರೆಳ್ಳು ಚಟ್ನಿ ಉಟ್ಕೊಳ್ಳಿಕ್ಕೆ ಬರ್ತದೇನು?"

ಹೆಂಗಸರಿಗೆ ವಿಜ್ಞಾನ ಗೊತ್ತಾಗುವುದಿಲ್ಲ ಅಂತ ನಕ್ಕುಬಿಟ್ಟೆ. ಮಾನ್ವಿಯ ಹೈಸ್ಕೂಲಿನಲ್ಲಿ ಇಡೀ ನೌಕರಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ನೀರು ಆವಿಯಾಗುವ ಪಾಠವನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದೆ.

ನಮ್ಮ ಜೊತೆ ಹೊರಟವನು ವತ್ಸಲಾಳ ತಮ್ಮ ರಾಘು. ದೇವದುರ್ಗದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಅವನು ತಂದ ಪೆಟ್ಟಿಗೆ ಎಷ್ಟು ದೊಡ್ಡದಿತ್ತೆಂದರೆ ಅದರೊಳಗೆ ನನ್ನನ್ನೇ ಮಡಚಿಡಬಹುದಿತ್ತು. "ಲಗ್ನಾ ಮಾಡ್ಕೊಳ್ಳಿಕ್ಕೆ ಹೊಂಟಿಯೇನೋ?" ಅಂತ ರೈಲ್ವೆ ಸ್ಟೇಷನ್ನಿನಲ್ಲಿ ಎಲ್ಲರೆದುರಿಗೆ ನಗಾಡಿದೆ. ಅವನು ನಕ್ಕು ಪೆಟ್ಟಿಗೆಯ ಬೀಗ ಎಳೆದು ನೋಡಿಕೊಂಡ. ಹೀಗೆ ನಗುವ ಭಾವಮೈದುನರನ್ನು ನಂಬಬಾರದು.

ಈ ಪ್ರವಾಸದಲ್ಲಿ ನಮಗೆ ಎತ್ತರದ ಕಟ್ಟಡಗಳ ಹಂಬಲವಿರಲಿಲ್ಲ. ವತ್ಸಲಾ ಹುಟ್ಟಿದಾಗಿನಿಂದ ಸಮುದ್ರ ನೋಡಿಲ್ಲ. ಕೃಷ್ಣೆಯಲ್ಲಿ ಮಿಂದಿದ್ದಾಳೆ, ತುಂಗಭದ್ರೆಯಲ್ಲಿ ಮಿಂದಿದ್ದಾಳೆ, ಸಮುದ್ರಸ್ನಾನ ಮಾತ್ರ ಉಳಿದಿತ್ತು. ಅದೂ ಒಬ್ಬಳೇ ಅಲ್ಲ. ಗಂಡ ಮಡಿಯುಟ್ಟು ಸಂಕಲ್ಪ ಹೇಳಬೇಕು, ಇಬ್ಬರೂ ಕೈಹಿಡಿದು ಮುಳುಗಬೇಕು. ನಮ್ಮಲ್ಲಿ ಸಮುದ್ರಸ್ನಾನಕ್ಕೆ ಪರ್ವದ ದಿನವೇ ಆಗಬೇಕು. ಪ್ರವಾಸದ ಕೊನೆಯ ದಿನ ಬರೋಬ್ಬರಿ ಹುಣ್ಣಿಮೆ ಬಂದಿತ್ತು. ಆ ದಿನ ಬೆಳಿಗ್ಗೆ ಬಸ್ಸು ಸಮುದ್ರದ ದಂಡೆಗೆ, ಸಂಜೆ ವಿಮಾನ ಊರಿಗೆ. ಪಂಚಾಂಗ ನೋಡಿಯೇ ಅವಳು ಈ ಪ್ರವಾಸ ಗೊತ್ತು ಮಾಡಿದ್ದಳು.

ಸಿಂಗಾಪುರದಲ್ಲಿ ಇಳಿದಾಗ ಪ್ರವಾಸದ ಮ್ಯಾನೇಜರ್ ಹೇಳಿದ, "ಇಲ್ಲೆ ಬಿಸಿಲು ಭಾಳ ಅದ ರೀ ಸರ್, ಮೂವತ್ತೊಂದು ಡಿಗ್ರಿ." ನಾನು ನಕ್ಕ ನಗೆಗೆ ಮುಂದಿದ್ದ ಸಾಲಿನವರೆಲ್ಲ ತಿರುಗಿ ನೋಡಿದರು. ಮೂವತ್ತೊಂದಕ್ಕೆ ನಮ್ಮಲ್ಲಿ ಫ್ಯಾನ್ ಹಾಕಿದರೆ ಮುದುಕರು ಬೈಯುತ್ತಾರೆ.

ಬಾಗಿಲಾಚೆ ಕಾಲಿಟ್ಟೆ. ಯಾರೋ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ನನ್ನನ್ನು ಒಳಗಿಟ್ಟು ಮತ್ತೆ ಮುಚ್ಚಿದಂತಾಯಿತು. ಬೆವರು ಬಂತು. ಬಂದ ಬೆವರು ಹೋಗಲಿಲ್ಲ! ನಮ್ಮೂರ ಬೆವರು ಮರ್ಯಾದಸ್ಥ, ಬಂದ ಕೂಡಲೇ ಆರಿಹೋಗುತ್ತದೆ. ಇಲ್ಲಿಯದು ಬಿಡಾರ ಹೂಡುತ್ತದೆ. ಹೇಗೋ ಒಗೆಯದೆ ದಿನ ತಳ್ಳಿದೆ. ಕೊನೆಯ ದಿನದ ಹಿಂದಿನ ಸಂಜೆಗೆ ಎರಡೂ ಪ್ಯಾಂಟು, ಎರಡೂ ಅಂಗಿ ಹಿಂಡಿದರೆ ನೀರು ಬರುವ ಸ್ಥಿತಿಗೆ ಬಂದವು. ಎಲ್ಲವನ್ನೂ ಒಗೆದೆ. ಮರುದಿನದ ಸ್ನಾನಕ್ಕೆಂದು ಧೋತ್ರ, ಶಲ್ಯಗಳನ್ನೂ ಬೇರೆ ಒಗೆದು, ಯಾರೂ ಮುಟ್ಟದ ಹಾಗೆ ಪರದೆಯ ಕೊಳವೆಗೆ ಹರವಿದೆ. ಹೋಟೆಲಿನವರ ಟವೆಲ್ ಸುತ್ತಿಕೊಂಡು ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಎದ್ದು ಮುಟ್ಟಿದರೆ ಎಲ್ಲವೂ ಒದ್ದೆ. ಒಗೆದಾಗ ಇದ್ದದ್ದಕ್ಕಿಂತ ಒಂದು ತೂಕ ಹೆಚ್ಚೇ ಒದ್ದೆ.

"ಮಾಸ್ತರ್ರ, ನೀರು ಆವಿ ಆಗ್ಲಿಲ್ಲೇನ್ರಿ?" ಅಂದಳು ವತ್ಸಲಾ.

"ಇಲ್ಲಿ ಗಾಳಿನ ಸರಿ ಇಲ್ಲ," ಅಂದೆ.

ರಾಘು ತನ್ನ ಪೆಟ್ಟಿಗೆಯಿಂದ ಗಿಳಿಗಳ ಚಿತ್ರವಿದ್ದ ಚಡ್ಡಿಯೊಂದನ್ನು ತಂದು ಮುಂದೆ ಹಿಡಿದ. "ಭಾವಾ, ನಾಚಬ್ಯಾಡ್ರಿ, ಲಗ್ನಕ್ಕಂತನ ತಂದೀನಿ."

ಮಾನ್ವಿಯ ಅರ್ಧ ಊರಿಗೆ ಅಕ್ಷರ ಕಲಿಸಿದವನು ಗಿಳಿಚಡ್ಡಿ ಹಾಕುವುದೇ? "ಒಯ್ಯಲೇ ಆಚೆ," ಅಂದೆ.

ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆಯಿತ್ತು. ಪ್ಯಾಂಟಿನ ಮೇಲಿಟ್ಟೆ. ಚುಂಯ್ ಅಂತ ಹೊಗೆ ಎದ್ದದ್ದನ್ನು ನೋಡಿ, ಆಹಾ, ಆವಿಯಾಗುತ್ತಿದೆ ಅಂತ ಸಂತೋಷಪಟ್ಟು ಇನ್ನೂ ಒತ್ತಿ ಹಿಡಿದೆ. ಪ್ಯಾಂಟಿನ ಹಿಂಭಾಗದಲ್ಲಿ ಇಸ್ತ್ರಿ ಪೆಟ್ಟಿಗೆಯ ಶಾಶ್ವತ ಭಾವಚಿತ್ರ ಮೂಡಿತು. ಧೋತ್ರಕ್ಕೆ ಆ ಗತಿ ಬೇಡವೆಂದು ಅದನ್ನು ಏಸಿಯ ಬಾಯಿಗೆ ಕಟ್ಟಿ, ನಾವು ನಡುಗುತ್ತಾ ಕೂತೆವು. ಇದು ಕೆಲಸ ಮಾಡಿತು. ಧೋತ್ರ ಮುಕ್ಕಾಲು ಒಣಗಿತು. ಬಸ್ಸಿಗೆ ಇನ್ನೂ ಒಂದು ತಾಸಿತ್ತು. ವತ್ಸಲಾಳ ಮುಖ ಅರಳಿತು. ನಾನು ಸ್ನಾನಕ್ಕೆ ಹೋದೆ.

ಹೊರಬಂದು ನೋಡುತ್ತೇನೆ, ಕೋಣೆ ಗುಡಿಸಲು ಬಂದ ಹೆಣ್ಣುಮಗಳು, ವತ್ಸಲಾ ಬೇಡ ಬೇಡ ಅನ್ನುವಷ್ಟರಲ್ಲಿ, ನನ್ನ ಧೋತ್ರವನ್ನು ಇಳಿಸಿ, ಚೊಕ್ಕವಾಗಿ ಮಡಚಿ, ದಿಂಬಿನ ಮೇಲಿಟ್ಟು ನಗುತ್ತಾ ನಿಂತಿದ್ದಾಳೆ. ಪಾಪ, ಸಹಾಯ ಮಾಡಿದ್ದಾಳೆ. ಆದರೆ ಮಡಿ ಹೋಯಿತು!

"ಇರ್ಲಿ ಬಿಡ್ರಿ, ದೇವರು ನೋಡ್ಕೋತಾನ," ಅಂದಳು ವತ್ಸಲಾ.

"ಭಾವಾ, ಸಮುದ್ರ ದಾಟಿ ಬಂದ ಮ್ಯಾಲೆ ಇನ್ನೆಲ್ಲಿ ಮಡಿ?" ಅಂದ ರಾಘು.

ನಾನು ಕೇಳಲಿಲ್ಲ. "ಶಾಸ್ತ್ರ ಅಂದ್ರ ಶಾಸ್ತ್ರ," ಅಂತ ಗುಡುಗಿ, ಮುಕ್ಕಾಲು ಒಣಗಿದ ಧೋತ್ರವನ್ನು ನನ್ನ ಕೈಯಾರೆ ಬಕೆಟ್ಟಿನಲ್ಲಿ ಮುಳುಗಿಸಿದೆ. ವತ್ಸಲಾ ಹಣೆ ಹಿಡಿದುಕೊಂಡು ಕೂತಳು.

ಉಳಿದದ್ದು ಬಿಸಿಲೊಂದೇ. ಹೋಟೆಲಿನ ಮಾಳಿಗೆಯ ಮೇಲೆ ಈಜುಕೊಳವಿತ್ತು. ಟವೆಲ್ಲಿನ ಮೇಲೊಂದು ಟವೆಲ್ ಸುತ್ತಿಕೊಂಡು, ಒದ್ದೆ ಧೋತ್ರ ಹೊತ್ತು ಲಿಫ್ಟ್ ಹತ್ತಿದೆ. ಮೇಲೆ ಕಣ್ಣು ಕುಕ್ಕುವ ಬಿಸಿಲು. ಸಾಲಾಗಿ ಹಾಕಿದ್ದ ಒರಗು ಕುರ್ಚಿಗಳ ಮೇಲೆ ಧೋತ್ರವನ್ನು ಉದ್ದಕ್ಕೆ ಹಾಸಿ, ಯಾರೂ ಮುಟ್ಟದಂತೆ ಕಾವಲು ನಿಂತೆ. ಈಜಲು ಬಂದವರು ಅದನ್ನು ಏನೋ ಸಮಾರಂಭವೆಂದು ತಿಳಿದು ಫೋಟೋ ತೆಗೆದರು. ಒಬ್ಬ ಬಿಳಿಯ ಮುದುಕ ಕೈ ಕೂಡ ಮುಗಿದ.

ಆಗ ಮಳೆ ಬಂತು. ಬಿಸಿಲು ಹಾಗೇ ಇದೆ, ಮೇಲಿಂದ ಮಳೆ! ನಮ್ಮಲ್ಲಿ ಮಳೆ ಬರುವ ಮುಂಚೆ ಮುಗಿಲು ಕಪ್ಪಾಗುತ್ತದೆ, ಗಾಳಿ ಬೀಸುತ್ತದೆ, ನಾಲ್ಕು ಸಲ ಬಂದಂಗೆ ಮಾಡಿ ಹೋಗುತ್ತದೆ. ಇಲ್ಲಿ ಹೇಳುವುದಿಲ್ಲ, ಕೇಳುವುದಿಲ್ಲ. ಧೋತ್ರ ಬಾಚಿಕೊಂಡು ಕೋಣೆಗೆ ಓಡಿ ಬರುವಷ್ಟರಲ್ಲಿ ವತ್ಸಲಾ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬಸ್ಸು ಹೊಂಟದ ರೀ."

"ಹತ್ತು ಮಿನಿಟು ತಡಿ ಅನ್ನು. ಒಣಗಿಸ್ಕೊಂಡು ಬಂದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಪರದೆಯ ಕೊಳವೆಯ ಮೇಲಿದ್ದ ನನ್ನ ಒದ್ದೆ ಶಲ್ಯವನ್ನು ತೆಗೆದು ಮಡಚಿ ಚೀಲಕ್ಕೆ ಹಾಕಿಕೊಂಡಳು. "ನೀವು ಬರ್ಲಿಲ್ಲಂದ್ರ ಇದರ ಸೆರಗು ಹಿಡಕೊಂಡು ಮುಳುಗ್ತೀನಿ," ಅಂದು ಹೋದಳು. ಕಿಟಕಿಯಿಂದ ನೋಡಿದೆ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ನಾನು ಟವೆಲ್ ಉಟ್ಟು, ಧೋತ್ರವನ್ನು ಮತ್ತೆ ಏಸಿಯ ಬಾಯಿಗೆ ಕಟ್ಟಿ, ಅದರ ಕೆಳಗೆ ಕೂತು ಗುರೆಳ್ಳು ಚಟ್ನಿ ಹಚ್ಚಿಕೊಂಡು ಅವಲಕ್ಕಿ ತಿಂದೆ. ಗಾಳಿಯನ್ನು ಬೈದೆ, ಮಳೆಯನ್ನು ಬೈದೆ, ಪಂಚಾಂಗದವರನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಧೋತ್ರ ಪೂರ್ತಿ ಒಣಗಿತು. ಹೆಮ್ಮೆಯಿಂದ ಉಟ್ಟುಕೊಳ್ಳುತ್ತಿರುವಾಗ ಫೋನ್ ಬಂತು. ಹಿಂದೆ ಅಲೆಗಳ ಸದ್ದು.

"ಒಣಗೇದ ವತ್ಸಲಾ! ಈಗ ಬಂದೆ, ಟ್ಯಾಕ್ಸಿ ಹಿಡೀತೀನಿ."

"ಬ್ಯಾಡ್ರಿ, ಸ್ನಾನ ಆತು. ಎಲ್ಲಾರೂ ಬಸ್ ಹತ್ತಿದ್ರು," ಅಂದಳು. "ಒಂದು ಮಾತು ಕೇಳ್ಲೇನು? ನೀರಾಗ ಮುಳುಗಿ ಎದ್ದಾಗ ಹೊಳೀತು. ಒದ್ದಿ ಬಟ್ಟಿನೂ ಮಡೀನ ಅಲ್ಲೇನ್ರಿ? ಬಂದು ಮುಳುಗೋದು ಸಮುದ್ರದಾಗ. ಧೋತ್ರ ಒಣಗೋದು ಯಾಕ ಬೇಕಾಗಿತ್ತು?"

ವಿಜ್ಞಾನವನ್ನೂ ಶಾಸ್ತ್ರವನ್ನೂ ಬದಿಗಿಟ್ಟು ನಾನು ಆ ಊರಿನ ಗಾಳಿಯನ್ನು ಮತ್ತೆ ಬೈದೆ. ಹಿಂದಿನಿಂದ ರಾಘುವಿನ ದನಿ ಕೇಳಿಸಿತು, "ಭಾವಾ, ಬಸ್ಸಿನ ಸೀಟಿನ ಮ್ಯಾಲೆ ಪ್ಲಾಸ್ಟಿಕ್ ಹಾಸಿದ್ರ ಮುಗೀತಿತ್ತಲ್ಲ."

ಊರಿಗೆ ಬಂದು ಬಹಳ ದಿನಗಳಾದವು. ಇವತ್ತಿಗೂ ಬಂದವರು, "ಸಮುದ್ರಸ್ನಾನ ಹೆಂಗಾತು ಮಾಸ್ತರ್ರ?" ಅಂತ ಕೇಳಿದರೆ ನಾನು ಆ ಊರಿನ ಹವಾಮಾನದ ಮೇಲೆ ಭಾಷಣ ಶುರುಮಾಡುತ್ತೇನೆ. ವತ್ಸಲಾ ಚಹಾದ ಕಪ್ಪು ಇಡುತ್ತಾ ದೇವರ ಕೋಣೆಯ ಗೂಟದ ಕಡೆ ಕೈ ತೋರಿಸುತ್ತಾಳೆ.

"ಇವರನ್ನ ಏನ್ ಕೇಳ್ತೀರಿ? ಆ ಶಲ್ಯಾನ್ನ ಕೇಳ್ರಿ. ನನ್ನ ಜೋಡಿ ಸಮುದ್ರಕ್ಕ ಬಂದದ್ದು ಅದು."