ಕತ್ತರಿ, ಒಂದು, ಸುಸ್ಥಿತಿಯಲ್ಲಿ

ನಮ್ಮ ಕಚೇರಿಯ ಏಕೈಕ ಕತ್ತರಿಯು ಮೂರು ವರ್ಷ ಎರಡು ತಿಂಗಳ ಹಿಂದೆ, ಊಟದ ವಿರಾಮ ಮುಗಿದ ಐದನೆಯ ನಿಮಿಷಕ್ಕೆ, ನಡುವಿನ ಮೊಳೆ ಕಳಚಿ ಎರಡು ಭಾಗವಾಯಿತು. ಒಂದು ಭಾಗ ದೊರೆತಿದೆ, ಆದರೆ ಪುಸ್ತಕದ ಪ್ರಕಾರ ಅರ್ಧ ಕತ್ತರಿ ಸಾಧನವಲ್ಲ. ಉಗ್ರಾಣದ ಗುಮಾಸ್ತನಾದ ನಾನೇ ಇದನ್ನು ದಾಸ್ತಾನು ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೇನೆ. ಆದ್ದರಿಂದ ಇದು ನಿಜ.

ನಮ್ಮದು ಹಳೆಯ ದಾಖಲೆಗಳನ್ನು ಕಾಪಾಡುವ ಕಚೇರಿ. ಎಲ್ಲೆಲ್ಲಿಂದಲೋ ಕಟ್ಟುಗಳು ಬರುತ್ತವೆ: ದಪ್ಪ ಬಟ್ಟೆ, ಸುತ್ತಲೂ ಹುರಿ, ಗಂಟಿನ ಮೇಲೆ ಅರಗಿನ ಮುದ್ರೆ. ಮುದ್ರೆ ಒಡೆಯುವಂತಿಲ್ಲ, ಗಂಟು ಬಿಚ್ಚುವಂತಿಲ್ಲ, ಹುರಿಯನ್ನು ಸುಡುವಂತಿಲ್ಲ, ಅದಕ್ಕೆ ಹಲ್ಲು ಹಾಕುವಂತಿಲ್ಲ. ಕಚೇರಿಗೆ ಸೇರಿದ ಸಾಧನದಿಂದ ಕತ್ತರಿಸಿಯೇ ತೆರೆಯಬೇಕು. ಮನೆಯಿಂದ ಕತ್ತರಿ ತರೋಣವೆಂದರೆ ಅದು ಖಾಸಗಿ ಹಿತಾಸಕ್ತಿಯಾಗುತ್ತದೆ. ಹೀಗಾಗಿ ಮೂರು ವರ್ಷದ ಕಟ್ಟುಗಳು ಒಂದರ ಮೇಲೊಂದು ಕೂತು ಸೂರು ಮುಟ್ಟಿದ್ದವು. ಕಟ್ಟು ತೆರೆಯದ್ದರಿಂದ ಕೆಲಸವಿರಲಿಲ್ಲ, ಕೆಲಸವಿಲ್ಲದ್ದರಿಂದ ತಪ್ಪಿರಲಿಲ್ಲ. ಮೂರು ವರ್ಷವೂ ಉತ್ತಮ ಕಚೇರಿ ಪ್ರಶಸ್ತಿ ನಮಗೇ ಬಂದಿತು. ಪ್ರಶಸ್ತಿಪತ್ರಗಳು ಆ ಕಟ್ಟುಗಳಲ್ಲೇ ಎಲ್ಲೋ ಇವೆ.

ಹೊಸ ಕತ್ತರಿ ಕೇಳಿ ನಾವು ಬರೆದ ಹದಿನಾಲ್ಕನೆಯ ಪತ್ರಕ್ಕೆ ಮೇಲಿನ ಕಚೇರಿಯಿಂದ ಉತ್ತರ ಬಂತು. ಪುಣ್ಯಕ್ಕೆ ಅಂಚೆ ಕಾರ್ಡಿನಲ್ಲಿ ಬರೆದಿದ್ದರು.

"ಕತ್ತರಿಗಾಗಿ ಕೈಚಾಚುವ ತಮ್ಮ ಪ್ರವೃತ್ತಿಯನ್ನು ವಿಷಾದದಿಂದ ಗಮನಿಸಲಾಗಿದೆ. ಆದಿಮಾನವನು ಲಕ್ಷಾಂತರ ವರ್ಷ ಯಾರಿಗೂ ಅರ್ಜಿ ಹಾಕದೆ ಕಲ್ಲಿನಿಂದಲೇ ಕತ್ತರಿಸುವ ಸಾಧನ ಮಾಡಿಕೊಂಡಿರುತ್ತಾನೆ. ಸದರಿ ಮಾನವನಿಗೆ ಸಾಧ್ಯವಾದದ್ದು ಖಾಯಂ ನೌಕರರಿಗೂ ಸಾಧ್ಯವಾಗತಕ್ಕದ್ದು. ನಲವತ್ತು ದಿನಗಳ ತರಬೇತಿ ಪಡೆಯತಕ್ಕದ್ದು."

ಕಲಿಸಲು ಕಲ್ಲು ಮೇಷ್ಟ್ರು ಬಂದರು. ವಸ್ತುಸಂಗ್ರಹಾಲಯವೊಂದರಲ್ಲಿ ಮೂವತ್ತು ವರ್ಷ ಗಾಜಿನ ಪೆಟ್ಟಿಗೆ ಒರೆಸುತ್ತ, ಒಳಗಿದ್ದ ಕಲ್ಲುಗಳನ್ನು ನೋಡಿ ನೋಡಿ ತಾವೇ ಕಲಿತವರು. ಅವರ ಬೆರಳುಗಳಲ್ಲಿ ಗಾಯದ ಗುರುತಿಲ್ಲದ ಜಾಗವೇ ಇರಲಿಲ್ಲ. ಮೊದಲ ದಿನ ತೊಡೆಯ ಮೇಲೆ ಚರ್ಮದ ತುಂಡು ಹಾಸಿಕೊಂಡು, ಎಡಗೈಯಲ್ಲಿ ಒಂದು ಕಪ್ಪು ಕಲ್ಲು, ಬಲಗೈಯಲ್ಲಿ ಹೊಳೆಯ ಗುಂಡುಕಲ್ಲು ಹಿಡಿದು ಕೂತರು.

"ಮೊದಲು ತಟ್ಟಿ ಕೇಳಿ. ಒಳ್ಳೆ ಕಲ್ಲು ಠಣ್ ಅನ್ನುತ್ತೆ, ಬಿರುಕು ಬಿಟ್ಟಿದ್ದು ಡಬ್ ಅನ್ನುತ್ತೆ. ಆಮೇಲೆ ಅಂಚಿನ ಹತ್ತಿರ, ಓರೆಯಾಗಿ, ಒಂದೇ ಏಟು. ಕೋಪದಲ್ಲಿ ಹೊಡೀಬಾರದು, ಹೆದರ್ಕೊಂಡೂ ಹೊಡೀಬಾರದು."

ಠಣ್ ಎಂದಿತು. ಕಲ್ಲಿನ ಅಡಿಯಿಂದ ಎಲೆಯಷ್ಟು ತೆಳುವಾದ ಚಕ್ಕೆಯೊಂದು ಬಿತ್ತು. ಮೇಷ್ಟ್ರು ಅದನ್ನೆತ್ತಿ ನಿರ್ದೇಶಕರ ಮುಂದಿದ್ದ ಹಾಜರಿ ಹಾಳೆಯ ಮೇಲೆ ಎಳೆದರು. ಹಾಳೆ ಎರಡಾದದ್ದು ಹಾಳೆಗೇ ಗೊತ್ತಾಗಲಿಲ್ಲ.

ನಿರ್ದೇಶಕರ ಮುಖ ಸಣ್ಣದಾಯಿತು. "ಅಲ್ರೀ, ಕಲ್ಲು ಕಮ್ಮಿ ಆಯ್ತಲ್ರೀ!" ಎಂದು ನನ್ನತ್ತ ತಿರುಗಿದರು.

ನನ್ನ ಇಪ್ಪತ್ತಾರು ವರ್ಷದ ಸೇವೆಯ ಹೆಮ್ಮೆಯ ಗಳಿಗೆ ಅದು. ತರಬೇತಿಯ ಕಲ್ಲುಗಳು ನನ್ನ ಉಗ್ರಾಣದಿಂದ ಹೋಗಬೇಕಾದವು. ಅಂದು ಸಂಜೆಯೇ ನಿಯಮ ಆರನ್ನು ಬರೆದೆ: "ಪಡೆದ ವಸ್ತುವಿನ ತೂಕವೂ ಮರಳಿಸುವ ವಸ್ತುವಿನ ತೂಕವೂ ಒಂದೇ ಇರತಕ್ಕದ್ದು. ಸಾಧನವೆಂದರೆ ಮುಷ್ಟಿ ತುಂಬುವ ಕಲ್ಲು. ಅದರಿಂದ ಉದುರಿದ್ದು ಕಸ."

ಅಲ್ಲಿಂದ ಮುಂದೆ ಏಳು ಮಂದಿ ಖಾಯಂ ನೌಕರರು ಕಲ್ಲು ಸವೆಯದಂತೆ ಕಲ್ಲಿನ ಸಾಧನ ಮಾಡಲು ಕಲಿತರು. ಇದು ಸುಲಭವಲ್ಲ. ನಿರ್ದೇಶಕರು ಗುಂಡುಕಲ್ಲಿಗೆ ಕರವಸ್ತ್ರ ಸುತ್ತಿ ಮಗುವಿನ ಬೆನ್ನು ತಟ್ಟುವಂತೆ ತಟ್ಟುತ್ತಿದ್ದರು. ಬೆರಳಚ್ಚುಗಾರರು ಮೂರನೆಯ ದಿನ ಮೈಮರೆತು ಒಂದು ಚಕ್ಕೆ ಎಬ್ಬಿಸಿಬಿಟ್ಟರು. "ಒಂಬತ್ತು ಗ್ರಾಂ ಎಲ್ಲಿ ಎಂಬುದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡಿ" ಎಂದು ನೋಟಿಸು ಹೋಯಿತು. ಅವರು ಚಕ್ಕೆಯನ್ನು ಗೋಂದಿನಿಂದ ಅಂಟಿಸಿ ತಂದರು. ಗೋಂದಿನ ತೂಕ ಸೇರಿ ಎರಡು ಗ್ರಾಂ ಹೆಚ್ಚಾಗಿ, ಪ್ರಥಮ ಸ್ಥಾನ ಅವರಿಗೇ ಸಿಕ್ಕಿತು.

ಮೇಷ್ಟ್ರು ತಲೆ ಚಚ್ಚಿಕೊಂಡರು. ಗುಂಡುಕಲ್ಲಿನಿಂದಲ್ಲ, ಕೈಯಿಂದ.

ನಿಜವಾಗಿ ಕಲಿತವಳು ಒಬ್ಬಳೇ, ಪೊರಕೆ ಅಕ್ಕ. ಹನ್ನೊಂದು ವರ್ಷದಿಂದ ನಮ್ಮ ಕಚೇರಿಯ ಕಸ ಗುಡಿಸುತ್ತಿರುವ ತಾತ್ಕಾಲಿಕ ನೌಕರಳು. ತಾತ್ಕಾಲಿಕರಿಗೆ ತರಬೇತಿಯಿಲ್ಲ, ಕಲ್ಲೂ ಇಲ್ಲ. ಆದರೆ ಮೇಷ್ಟ್ರ ಸ್ವಂತ ಕಲ್ಲಿನಿಂದ ಉದುರಿದ್ದನ್ನು ಗುಡಿಸಬೇಕಲ್ಲ. ಪೊರಕೆಗೆ ಒರಗಿ ನಿಂತು ನೋಡುತ್ತಿದ್ದಳು. ಒಂದು ದಿನ ಎಲ್ಲರೂ ಹೋದ ಮೇಲೆ ಮೇಷ್ಟ್ರು, "ಬಾಮ್ಮಾ, ಒಂದು ಏಟು ಹಾಕು. ಇದು ನಮ್ಮನೆ ಕಲ್ಲು, ಯಾವ ಪುಸ್ತಕದಲ್ಲೂ ಇಲ್ಲ" ಎಂದರಂತೆ. ಮೊದಲ ಏಟಿಗೆ ಹೆಬ್ಬೆರಳು ಜಜ್ಜಿಕೊಂಡಳು. ಹತ್ತನೆಯ ದಿನಕ್ಕೆ ಹುಣಸೆ ಎಲೆಯಷ್ಟು ಸಣ್ಣ ಚಕ್ಕೆಯನ್ನೂ ಹೇಳಿದ ಜಾಗದಿಂದ ಎಬ್ಬಿಸುತ್ತಿದ್ದಳು. ನನಗೆ ಇದು ಗೊತ್ತಿತ್ತು. ಕಸದ ವಿಚಾರ ನನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಮ್ಮನಿದ್ದೆ.

ತರಬೇತಿ ಮುಗಿದ ದಿನ, ಅಂದರೆ ತಿಂಗಳ ಕೊನೆಯ ದಿನ, ಮಧ್ಯಾಹ್ನ ಮೂರೂವರೆಗೆ ಮೇಲಿನ ಕಚೇರಿಯಿಂದ ಫೋನು ಬಂತು. ಪೊರಕೆ ಅಕ್ಕನ ಖಾಯಮಾತಿಯ ಆದೇಶ ಕಳಿಸಿ ಇಪ್ಪತ್ತು ದಿನವಾಗಿದೆ, ಕಟ್ಟು ಸಂಖ್ಯೆ ನಾನೂರ ಹನ್ನೆರಡು. ಇವತ್ತು ಐದರೊಳಗೆ ತೆರೆದು ಜಾರಿ ಮಾಡದಿದ್ದರೆ ಆದೇಶ ರದ್ದು, ಆಕೆಯ ಕೆಲಸವೂ ರದ್ದು.

ಕಟ್ಟನ್ನು ಸಭಾಂಗಣಕ್ಕೆ ತಂದೆವು. ಪೊರಕೆ ಅಕ್ಕ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಗೋಡೆಗೆ ಆನಿ ನಿಂತಳು. "ಹನ್ನೊಂದು ವರ್ಷ ಸಾರ್," ಎಂದಳು, ಅಷ್ಟೇ.

ನಿರ್ದೇಶಕರು ಪ್ರಮಾಣಪತ್ರ ಪಡೆದ ತಮ್ಮ ಕಲ್ಲಿನಿಂದ ಹುರಿಯನ್ನು ಕೊಯ್ದರು. ಹುರಿಗೆ ಹೊಳಪು ಬಂತು. ಬೆರಳಚ್ಚುಗಾರರು ಕೊಯ್ದರು, ಅಂಟಿಸಿದ್ದ ಚಕ್ಕೆ ಕಳಚಿ ಬಿತ್ತು. ಏಳೂ ಮಂದಿ ಸರದಿಯಂತೆ ಉಜ್ಜಿದರು, ಗುದ್ದಿದರು, ಒಬ್ಬರು ಕಟ್ಟಿನ ಮೇಲೆ ಹತ್ತಿ ಕೂತರು. ಗಡಿಯಾರ ನಾಲ್ಕೂ ಐವತ್ತು ತೋರಿಸಿತು. ನಿಯಮ ಆರನ್ನು ಬರೆದ ಕೈ ನನ್ನದೇ ಎಂಬುದು ಅವತ್ತು ಮೊದಲ ಬಾರಿಗೆ ನನ್ನನ್ನು ಚುಚ್ಚಿತು.

"ಅಕ್ಕಾ," ಎಂದೆ, "ನಿನ್ನ ಕಸದ ಬುಟ್ಟಿ ಎಲ್ಲಿ?"

ಆಕೆ ಬುಟ್ಟಿಯಿಂದ ಒಂದು ಚಕ್ಕೆ ಆರಿಸಿ, ಬೆಳಕಿಗೆ ಹಿಡಿದು ನೋಡಿ, ಹುರಿಯ ಮೇಲೆ ಒಮ್ಮೆ ಎಳೆದಳು. ಹುರಿ ಎರಡು ಕಡೆಗೂ ಸರಿದು ಬಿತ್ತು. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಅನಧಿಕೃತ ಸಾಧನ!" ಎಂದರು ನಿರ್ದೇಶಕರು. "ಖಾಸಗಿ ಕಲ್ಲು!"

"ಸಾಧನ ಅಲ್ಲ ಸಾರ್, ಕಸ," ಎಂದೆ. "ನಿಯಮ ಆರು ಹಾಗೇ ಹೇಳುತ್ತೆ. ಕಸಕ್ಕೆ ಒಡೆಯರೂ ಇಲ್ಲ. ಬುಟ್ಟಿಗೆ ಬಿದ್ದ ಮೇಲೆ ಅದು ಕಚೇರೀದು."

ಅವರು ಎರಡು ನಿಮಿಷ ಯೋಚಿಸಿ ಒಪ್ಪಿದರು. ಆದೇಶವನ್ನು ಗಟ್ಟಿಯಾಗಿ ಓದಲಾಯಿತು: "ಮಂಜೂರಾದ ಖಾಲಿ ಸ್ಥಾನ ಯಾವುದಾದರೂ ಇದ್ದಲ್ಲಿ ಸದರಿಯವರನ್ನು ಅದಕ್ಕೆ ಖಾಯಂಗೊಳಿಸುವುದು. ಇಲ್ಲವಾದಲ್ಲಿ ಇಂದೇ ಕೈಬಿಡುವುದು."

ನಮ್ಮಲ್ಲಿ ಗುಡಿಸುವವರ ಸ್ಥಾನ ಎಂದೂ ಮಂಜೂರಾಗಿರಲಿಲ್ಲ. ಯಾವ ಸ್ಥಾನವೂ ಖಾಲಿ ಇರಲಿಲ್ಲ. ನಾಲ್ಕೂ ಐವತ್ತೇಳಕ್ಕೆ ನಾನು ಉಗ್ರಾಣಕ್ಕೆ ಓಡಿ ದಾಸ್ತಾನು ಪುಸ್ತಕ ತಂದು, ಕೆಂಪು ಶಾಯಿಯ ಪುಟ ತೆರೆದು ನಿರ್ದೇಶಕರ ಮುಂದಿಟ್ಟೆ. "ಒಂದಿದೆ ಸಾರ್. ಮಂಜೂರಾದದ್ದು. ಮೂರು ವರ್ಷದಿಂದ ಖಾಲಿ."

ಐದಕ್ಕೆ ಒಂದು ನಿಮಿಷವಿರುವಾಗ ಅವರು ರುಜು ಹಾಕಿದರು. ಪುಸ್ತಕದಲ್ಲಿ ಹೀಗಿದೆ: "ಕತ್ತರಿ, ಒಂದು, ಸುಸ್ಥಿತಿಯಲ್ಲಿ. ತೂಕ ಐವತ್ತೊಂದು ಕೆಜಿ."

"ಮೂವತ್ತು ವರ್ಷದಿಂದ ನಮ್ಮತ್ತೆ ನನ್ನ ನಾಲಿಗೇನ ಕತ್ತರಿ ಅಂತಿದ್ರು ಸಾರ್," ಎಂದು ಪೊರಕೆ ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಈಗ ಕಚೇರಿಯವರೂ ಒಪ್ಪಿದ್ರಲ್ಲ!"

ಅಂದಿನಿಂದ ಎಲ್ಲವೂ ಕ್ರಮಬದ್ಧವಾಗಿದೆ. ಕಟ್ಟು ತೆರೆಯಬೇಕಾದ ವಿಭಾಗದವರು ಬೇಡಿಕೆ ಚೀಟಿ ಬರೆದು ಆಕೆಯನ್ನು ನನ್ನಿಂದ ಪಡೆಯುತ್ತಾರೆ. ಸಂಜೆ ಮರಳಿಸಿ ರುಜು ಹಾಕುತ್ತಾರೆ. ಆಕೆಯ ಸಂಬಳ ನಿರ್ವಹಣಾ ವೆಚ್ಚ. ರಜೆ ಹಾಕಿದರೆ "ಸಾಣೆಗೆ ಹೋಗಿದೆ" ಎಂದು ಬರೆಯುತ್ತೇನೆ. ಕತ್ತರಿಯಿಂದ ಕಸ ಗುಡಿಸುವುದು ದುರ್ಬಳಕೆಯಾದ್ದರಿಂದ ಪ್ರಮಾಣಪತ್ರ ಪಡೆದ ಏಳು ಮಂದಿಯೇ ಸರದಿಯ ಮೇಲೆ ಗುಡಿಸುತ್ತಾರೆ. ಮೇಷ್ಟ್ರನ್ನು ಸಾಣೆ ಹಿಡಿಯುವವರೆಂದು ತೆಗೆದುಕೊಂಡಿದ್ದೇವೆ, ತಾತ್ಕಾಲಿಕವಾಗಿ.

ನಿಯಮ ಆರು ಇನ್ನೂ ಜಾರಿಯಲ್ಲಿದೆ. ತೂಕ ಕಡಿಮೆಯಾಗಕೂಡದಾದ್ದರಿಂದ ಪೊರಕೆ ಅಕ್ಕನಿಗೆ ಮಧ್ಯಾಹ್ನ ಕಚೇರಿಯಿಂದಲೇ ಊಟ. ಬಡಿಸುವವರು ಸ್ವತಃ ನಿರ್ದೇಶಕರು, ಸಾಲದೇನೋ ಎಂಬ ಭಯದಿಂದ ಎರಡೆರಡು ಸಲ. ಮೊನ್ನೆ ವಾರ್ಷಿಕ ತಪಾಸಣೆ ನಡೆಯಿತು. ಮೇಲಿನ ಕಚೇರಿಯ ತಪಾಸಕರು ಆಕೆಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದರು.

"ನಾಲ್ಕು ಕೆಜಿ ಜಾಸ್ತಿ ಇದೀಯಲ್ಲಮ್ಮಾ!"

"ಹೌದು ಸಾರ್," ಎಂದಳು ಪೊರಕೆ ಅಕ್ಕ, ಕೈಕಟ್ಟಿ ವಿನಯದಿಂದ. "ಗೋಂದು ಅಂತ ಬರ್ಕೊಳ್ಳಿ."

ತಪಾಸಕರು ಹಾಗೆಯೇ ಬರೆದುಕೊಂಡರು.